ಕೆಳಗಿನ ಹೊಲದ ಮಣ್ಣು

ನಮ್ಮ ಮನೆ ಮೇಲಿನ ಅಂತಸ್ತಿನಲ್ಲಿದೆ. ಕೆಳಗಿನ ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬಾಕೆ ಇದ್ದಾರೆ. ನನ್ನ ಗ್ಯಾಲರಿಯ ಕಟ್ಟೆಯ ಮೇಲೆ ಒಂದು ಮಲ್ಲಿಗೆಯ ಕುಂಡ, ನೆಟ್ಟಗೆ ಅದರ ಕೆಳಗೆ ಅವರದೊಂದು ಮಲ್ಲಿಗೆಯ ಕುಂಡ. ನಾನು ದಿನಾ ಮುಂಜಾನೆ ನೀರು ಹಾಕುತ್ತೇನೆ. ಆ ನೀರು ಕುಂಡದ ತಳದ ತೂತಿನಿಂದ ಇಳಿಯುವಾಗ ಸುಮ್ಮನೆ ಇಳಿಯುವುದಿಲ್ಲ, ಒಂದು ಚಿಟಿಕೆ ಮಣ್ಣನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ನಾನು ಹಾಕಿದ ಗೊಬ್ಬರ, ಶೇಂಗಾ ಹಿಂಡಿ, ಚಹಾದ ಚರಟ ಎಲ್ಲವೂ ಸೋಸಿ, ಹದವಾಗಿ ಅವರ ಕುಂಡಕ್ಕೆ ಸೇರುತ್ತವೆ. ನನ್ನ ಗಿಡ ಸೊರಗಿ ಕಸಬರಿಗೆಯ ಕಡ್ಡಿಯಾಗಿದೆ. ಅವರದು ಕಿಟಕಿಯ ಸರಳು ತಬ್ಬಿ ನಿಂತಿದೆ. ಮೊನ್ನೆ ಆಕೆ ಒಂದು ಬೊಗಸೆ ಮೊಗ್ಗು ತಂದುಕೊಟ್ಟು, "ನನ್ನ ಕೈಗುಣಾ ನೋಡ್ರಿ, ನಾ ಏನಂದ್ರ ಏನೂ ಹಾಕೂದಿಲ್ಲ" ಎಂದರು. ಹಾಕುವವಳು ಮೇಲೆ ಇರುವಾಗ ಆಕೆ ಯಾಕೆ ಹಾಕಬೇಕು, ನೀವೇ ಹೇಳಿ.

ಮೊಗ್ಗನ್ನು ದೇವರಿಗೆ ಏರಿಸಿದೆ. ಆದರೆ ಏರಿಸುವಾಗ, ಇದು ನಮ್ಮದೇ ಮಣ್ಣಿನದು ಎಂಬ ಮಾತನ್ನು ದೇವರ ಕಿವಿಗೆ ಹಾಕಿಯೇ ಏರಿಸಿದೆ. ಹೊಟ್ಟೆಕಿಚ್ಚು ಕೆಟ್ಟದ್ದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಬೇರೆ ಮನೆತನಗಳಲ್ಲಿ ಸಕ್ಕರೆ ಕಾಯಿಲೆ ಬರುವ ಹಾಗೆ ನಮ್ಮ ಮನೆತನದಲ್ಲಿ ಇದು ಬರುತ್ತದೆ, ಏನು ಮಾಡುವುದು? ನನಗೆ ಬಂದದ್ದು ಅಪ್ಪನಿಂದ. ಅಪ್ಪನಿಗೆ ಹಚ್ಚಿದ್ದು ಒಂದು ಹಳ್ಳ.

ನಮ್ಮೂರು ಬಸವನ ಬಾಗೇವಾಡಿ ತಾಲೂಕಿನಲ್ಲಿ, ಮಸೂತಿ ಎಂಬ ಊರಿನ ಆಚೆ. ಎರೆಹೊಲದ ಸೀಮೆ. ಮಳೆಗಾಲದಲ್ಲಿ ಆ ಕರಿಮಣ್ಣು ಕಾಲಿಗೆ ಮೆತ್ತಿಕೊಂಡರೆ ನಾವು ಮನೆಗೆ ಬರುವಷ್ಟರಲ್ಲಿ ಒಂದು ಗೇಣು ಎತ್ತರ ಆಗುತ್ತಿದ್ದೆವು. ಬೇಸಿಗೆಯಲ್ಲಿ ಅದೇ ಮಣ್ಣು ಬಾಯಿ ಬಿಡುತ್ತಿತ್ತು. ಮೊಳಕೈ ತನಕ ಕೈ ಇಳಿಯುವಂಥ ಬಿರುಕು. ನನ್ನ ಒಂದು ಕಾಲ್ಗೆಜ್ಜೆ ಅಂಥ ಬಿರುಕಿನಲ್ಲಿ ಬಿತ್ತು. ತೆಗೆಯಲು ಹೋದರೆ ಇನ್ನೂ ಕೆಳಗೆ ಸರಿಯಿತು. ಮಳೆ ಬಿದ್ದ ಮೇಲೆ ಬಿರುಕು ಬಾಯಿ ಮುಚ್ಚಿತು. "ನುಂಗಿದ್ದು ಹೊರಗ ಬರತೈತಿ ತಡಿ, ಎರಿ ತನ್ನ ಹೊಟ್ಯಾಗಿಂದು ತಾನ ತಿರುವಿ ಹಾಕತೈತಿ" ಎಂದು ಅವ್ವ ಸಮಾಧಾನ ಮಾಡಿದಳು. ಗೆಜ್ಜೆ ಬಂತು, ಎಷ್ಟೋ ವರ್ಷದ ಮೇಲೆ, ದೊಡ್ಡಪ್ಪನ ಹೊಲದಲ್ಲಿ! ದೊಡ್ಡಪ್ಪನ ಮಗಳು ಶಾಂತಾ ಅದನ್ನು ಹುಣಸೆಹುಳಿ ಹಚ್ಚಿ ತಿಕ್ಕಿ, "ನನಗ ಗೆಜ್ಜಿ ಸಿಕ್ತು" ಎಂದು ಊರೆಲ್ಲ ತೋರಿಸಿಕೊಂಡು ಬಂದಳು. ಜೊತೆಯದು ನನ್ನ ಹತ್ತಿರವೇ ಇತ್ತು. ಆಕೆ ಕೊಡಲಿಲ್ಲ, ನಾನೂ ಕೊಡಲಿಲ್ಲ. ಇಬ್ಬರೂ ಒಂದೊಂದೇ ಗೆಜ್ಜೆ ಕಟ್ಟಿಕೊಂಡು ಓಡಾಡಿದೆವು.

ನಮ್ಮ ಗೆಜ್ಜೆ ಅವರ ಹೊಲಕ್ಕೆ ಹೇಗೆ ಹೋಯಿತು ಎಂಬುದೇ ನಮ್ಮ ಮನೆಯ ಕಥೆ.

ಅಜ್ಜ ತೀರಿಕೊಂಡ ಮೇಲೆ ಹೊಲ ಪಾಲಾಯಿತು. ಮಕ್ಕಳು ಇಬ್ಬರೇ, ದೊಡ್ಡಪ್ಪ ಮತ್ತು ಅಪ್ಪ. ನಮ್ಮ ಕಡೆ ಒಂದು ಪದ್ಧತಿಯಿದೆ: ಪಾಲು ಮಾಡುವವನು ಹಿರಿಯ, ಆರಿಸಿಕೊಳ್ಳುವವನು ಕಿರಿಯ. ಆಗ ಮೋಸ ನಡೆಯುವುದಿಲ್ಲ. ದೊಡ್ಡಪ್ಪ ನಟ್ಟನಡುವೆ ಕಲ್ಲು ನೆಟ್ಟು ಮೇಲಿನ ಹೊಲ, ಕೆಳಗಿನ ಹೊಲ ಎಂದು ಎರಡು ಮಾಡಿದ. ಎರಡೂ ಒಂದೇ ಅಳತೆ, ಒಂದೇ ಎರೆ. ಮೇಲಿನದು ದಿಬ್ಬದ ಇಳಿಜಾರು, ಕೆಳಗಿನದು ಹಳ್ಳದ ದಂಡೆ. ಆ ವರ್ಷ ಹಳ್ಳ ಉಕ್ಕಿ ಕೆಳಗಿನ ಹೊಲದ ಬೆಳೆ ಕೊಳೆತು ಹೋಗಿತ್ತು. ಅಪ್ಪ ತಾನು ಬಹಳ ಶಾಣ್ಯಾ ಎಂದುಕೊಂಡು ಮೇಲಿನದಕ್ಕೆ ಕೈ ಮಾಡಿದ. ಮನೆಗೆ ಬಂದು ಅವ್ವನ ಮುಂದೆ, "ಅಣ್ಣಗ ಕೆಸರ ಹಚ್ಚಿ ಬಂದೆ ನೋಡು" ಎಂದು ಮೀಸೆ ತಿರುವಿದನಂತೆ. ಅವ್ವ ಈ ಮಾತನ್ನು ಮುಂದೆ ಬದುಕಿಡೀ ಉಪ್ಪಿನಕಾಯಿಯಂತೆ ಊಟಕ್ಕೊಮ್ಮೆ ಬಡಿಸಿದಳು.

ಏಕೆಂದರೆ ಮುಂದಿನ ಮಳೆಗಾಲದಿಂದಲೇ ಮಣ್ಣು ಇಳಿಯತೊಡಗಿತು. ನೋಡಿದರೆ ಕಾಣುವಂಥದ್ದಲ್ಲ. ಒಂದು ಜೋರು ಮಳೆ ಬಂದರೆ ನಮ್ಮ ಹೊಲದಲ್ಲಿ ಕೋಳಿ ಕೆದರಿದ ಹಾಗೆ ಸಣ್ಣ ಸಣ್ಣ ಗೆರೆ ಬೀಳುತ್ತಿದ್ದವು. ಮುಂದಿನ ಮಳೆಗೆ ಆ ಗೆರೆಗಳು ಒಂದಕ್ಕೊಂದು ಕೂಡಿ ಕಾಲುವೆಯಾಗುತ್ತಿದ್ದವು. ಕಪ್ಪು ನೀರು ನಡುಗಲ್ಲು ದಾಟಿ ದೊಡ್ಡಪ್ಪನ ಹೊಲಕ್ಕೆ ಇಳಿದು, ಅಲ್ಲಿ ನೆಲ ಸಪಾಟು ಆದದ್ದಕ್ಕೆ ಉಸಿರು ಬಿಟ್ಟು, ಹೊತ್ತದ್ದನ್ನೆಲ್ಲ ಇಳಿಸಿ ಮುಂದೆ ಹೋಗುತ್ತಿತ್ತು. ನಮ್ಮ ಹೊಲದಲ್ಲಿ ಕಲ್ಲು ಬೆಳೆಯತೊಡಗಿದವು. ಕಲ್ಲು ಬೆಳೆಯುವುದಿಲ್ಲ, ಮಣ್ಣು ಕೆಳಗೆ ಹೋಗುತ್ತದೆ, ಅಷ್ಟೇ. ಆದರೆ ಅವ್ವ ಮಾತ್ರ, "ಮಂದಿ ಜೋಳಾ ಬಿತ್ತಿ ಜೋಳಾ ಬೆಳೀತಾರ, ನಾವು ಜೋಳಾ ಬಿತ್ತಿ ಕಲ್ಲು ಬೆಳೀತೀವಿ" ಎನ್ನುತ್ತಿದ್ದಳು.

ಅಪ್ಪ ಸುಮ್ಮನೆ ಕೂಡಲಿಲ್ಲ. ನಡುಗಲ್ಲಿನ ಉದ್ದಕ್ಕೂ ಮಣ್ಣಿನ ಒಡ್ಡು ಹಾಕಿದ. ಹೊಟ್ಟೆಕಿಚ್ಚಿನಿಂದ ಕಟ್ಟಿದ ಒಡ್ಡಾದ್ದರಿಂದ ಬಲು ಚೆಂದವಾಗಿತ್ತು. ಆದರೆ ಎರೆಮಣ್ಣಿನ ಒಡ್ಡು ಬೇಸಿಗೆಯಲ್ಲಿ ಹೊಲದ ಹಾಗೆಯೇ ಬಾಯಿ ಬಿಡುತ್ತದೆ. ಮೊದಲ ಮಳೆಯ ನೀರು ಬಿರುಕು ಹೊಕ್ಕು, ಒಡ್ಡು ಒಡೆದು, ಒಡ್ಡಿನ ಮಣ್ಣೂ ದೊಡ್ಡಪ್ಪನ ಹೊಲಕ್ಕೆ ಹೋಯಿತು. ಅಪ್ಪ ಹಳ್ಳದ ಕಡೆ ಮುಖ ಮಾಡಿ ನಿಂತು, ಅದರ ಅವ್ವ ಅಪ್ಪ ಎಲ್ಲರನ್ನೂ ಎತ್ತಿ ಬೈದ. ತಾನೇ ಆರಿಸಿಕೊಂಡ ಪಾಲು. ಅಣ್ಣನನ್ನು ಬೈಯುವಂತಿಲ್ಲ, ಸತ್ತ ಅಜ್ಜನನ್ನು ಬೈಯುವಂತಿಲ್ಲ. ಹಳ್ಳ ಬಿಟ್ಟರೆ ಬೇರೆ ಯಾರಿದ್ದರು?

ಸಾಲೆಯಲ್ಲಿ ಭೂಗೋಳದ ಗುರುಗಳು ಒಂದು ದಿನ ನಕಾಶೆ ತೂಗುಹಾಕಿ, ಇಂಡಿ, ಸಿಂದಗಿ, ಬಾಗೇವಾಡಿ ಈ ಸೀಮೆಯ ಕರಿಗಲ್ಲೆಲ್ಲ ಒಂದಾನೊಂದು ಕಾಲಕ್ಕೆ ಬೆಂಕಿಯ ಹೊಳೆಯಾಗಿ ಹರಿದು ಬಂದು ಆರಿದ್ದು ಎಂದು ಹೇಳಿದರು. ಆ ಕಲ್ಲು ಬಿಸಿಲು ಮಳೆಗೆ ಸವೆದು ಎರೆಯಾಯಿತು, ಮುದ್ದೇಬಿಹಾಳದ ಆಚೆ ಈ ಕಲ್ಲು ಮುಗಿದು ಬೇರೆ ಕಲ್ಲು ಹತ್ತುತ್ತದೆ ಎಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ, "ಹಂಗಾದ್ರ ಹರಿಯೂದು ಅದರ ಹುಟ್ಟುಗುಣ ಅನ್ನು. ಕಲ್ಲಿದ್ದಾಗ ಹರೀತು, ಮಣ್ಣಾದ ಮ್ಯಾಲೂ ಹರಿಯಾಕತ್ತೈತಿ. ಹರೀಲಿ. ನಮ್ಮ ಅಣ್ಣನ ಹೊಲದಾಗ ಯಾಕ ನಿಂದರಬೇಕು?" ಎಂದ. ಗುರುಗಳಿಗೆ ಈ ಪ್ರಶ್ನೆ ಕೇಳುವ ಧೈರ್ಯ ನನಗಾಗಲಿಲ್ಲ.

ದೊಡ್ಡಪ್ಪನ ಜೋಳದ ತೆನೆ ಒಕ್ಕುವ ಕಣ ಹಿರಿದಾಗುತ್ತ ಹೋಯಿತು. ಅವರ ಬಿಳಿಜೋಳದ ರೊಟ್ಟಿ ನಮ್ಮದಕ್ಕಿಂತ ಬೆಳ್ಳಗೆ. ಅವರ ಎಮ್ಮೆ ನಮ್ಮದಕ್ಕಿಂತ ದಪ್ಪ. ಇವೆಲ್ಲ ಅಪ್ಪನ ಬಾಬತ್ತು. ನನ್ನವು ಬೇರೆ ಇದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಮಕ್ಕಳು ಹೊಲದ ಮಣ್ಣು ತಂದು ಎತ್ತು ಮಾಡುತ್ತಿದ್ದೆವು. ಶಾಂತಾನ ಮಣ್ಣು ಬೆಣ್ಣೆ. ಹಳ್ಳ ಅದನ್ನು ಸೋಸಿ, ನಾದಿ, ಪದರು ಪದರಾಗಿ ಇಟ್ಟು ಹೋಗಿರುತ್ತಿತ್ತು. ಆಕೆಯ ಎತ್ತಿಗೆ ಕೋಡು, ಬೆನ್ನಿನ ಇಣಿ, ಕೊರಳಿನ ಗಂಗೆದೊಗಲು ಎಲ್ಲ ಬರುತ್ತಿದ್ದವು. ನನ್ನ ಮಣ್ಣಿನಲ್ಲಿ ಗರಸು ಕಲ್ಲು. ನನ್ನ ಎತ್ತುಗಳಿಗೆ ಪೂಜೆಗೆ ಮೊದಲೇ ಕೋಡು ಬೀಳುತ್ತಿದ್ದವು. ಅವ್ವ ಬೋಳು ಎತ್ತಿಗೇ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಳು. ಇನ್ನು ತಲೆಗೂದಲು. ನಾವು ಆಗ ತಲೆ ಎರೆದುಕೊಳ್ಳುವಾಗ ಹಚ್ಚುತ್ತಿದ್ದದ್ದು ಹಳ್ಳದ ನುಣ್ಣನೆಯ ಮಣ್ಣು. ಅದು ಸಿಗುತ್ತಿದ್ದದ್ದು ದೊಡ್ಡಪ್ಪನ ದಂಡೆಯಲ್ಲಿ. ಶಾಂತಾನ ಜಡೆ ಸೊಂಟದ ಕೆಳಗೆ ಬಂತು, ನನ್ನದು ಹೆಗಲ ಮೇಲೆ ನಿಂತಿತು. ಇದಕ್ಕೂ ಭೂಮಿಯ ಇಳಿಜಾರೇ ಕಾರಣ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅಪ್ಪನ ಹೊಟ್ಟೆಕಿಚ್ಚು ಕಟ್ಟೆಯೊಡೆದದ್ದು ಒಂದು ಎಳ್ಳಮಾಸೆಯ ದಿನ. ನಮ್ಮ ಕಡೆ ಎಳ್ಳಮಾಸೆಗೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಭೂಮಿತಾಯಿ ಬಸುರಿ, ಆಕೆಗೆ ಬಯಕೆಯ ಊಟ. ಕಡುಬು, ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಕಲಸಿ ಬುಟ್ಟಿಯಲ್ಲಿ ತುಂಬಿ, ಹೊಲದ ಯಜಮಾನ ನಾಲ್ಕೂ ಕಡೆ ಚೆಲ್ಲುತ್ತ ಹೋಗುತ್ತಾನೆ. ಇದಕ್ಕೆ ಚರಗ ಎನ್ನುತ್ತಾರೆ. ಹಿಂದೆ ಒಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆಯಬೇಕು. ಆ ವರ್ಷ ತಂಬಿಗೆ ನನ್ನ ಕೈಯಲ್ಲಿತ್ತು.

"ಹುಲ್ಲುಲ್ಲಿಗ್ಯೋ... ಚಲ್ಲಂಬರಿಗ್ಯೋ..." ಎಂದು ಕೂಗುತ್ತ ಅಪ್ಪ ಚರಗ ಚೆಲ್ಲಿದ. ಮೇಲಿನ ಬದುವಿನಿಂದ ಶುರುಮಾಡಿ ನಡುಗಲ್ಲಿಗೆ ಬಂದ. ಅಲ್ಲಿ ತಿರುಗಬೇಕು. ತಿರುಗಲಿಲ್ಲ. ಕಲ್ಲು ದಾಟಿ ದೊಡ್ಡಪ್ಪನ ಹೊಲಕ್ಕೆ ಇಳಿದು ಅಲ್ಲಿಯೂ ಚೆಲ್ಲತೊಡಗಿದ. ನಾನು ತಂಬಿಗೆ ಹಿಡಿದುಕೊಂಡು ನಿಂತೆ. "ನೀರ ಹಾಕ" ಎಂದು ಗದರಿಸಿದ. ಹಾಕಿದೆ. ಇನ್ನೊಬ್ಬರ ಹೊಲಕ್ಕೆ ಚರಗ ಚೆಲ್ಲುವುದೆಂದರೆ ಇನ್ನೊಬ್ಬರ ಹೆಂಡತಿಗೆ ಹೂ ಮುಡಿಸಿದ ಹಾಗೆ. ಚರಗ ಚೆಲ್ಲಿದವನೇ ಹೊಲದ ಒಡೆಯ. ತಮ್ಮ ಹೊಲದ ಬನ್ನಿಗಿಡದ ಕೆಳಗೆ ಎಲೆ ಹಾಕಿಕೊಂಡು ಕೂತಿದ್ದ ದೊಡ್ಡವ್ವ ಎದ್ದು ನಿಂತಳು.

"ಏನ್ ಮೈದುನಾ, ಹೊಲದ ಗುರ್ತ ಹತ್ತಲಿಲ್ಲೇನು?"

"ಹತ್ತೈತಿ ವೈನಿ. ಹೊಲ ನಿಮ್ದು. ಮಣ್ಣು ನಂದು. ನನ್ನ ಮಣ್ಣಿಗೆ ನಾ ಉಣಸಾಕತ್ತೇನಿ."

ದೊಡ್ಡಪ್ಪ ಬಾಯೊಳಗಿನ ತುತ್ತು ನುಂಗಿ, ನಗುತ್ತ ಅಂದ: "ಉಣಸಲಿ ಬಿಡ. ಅದು ಅಲ್ಲಿ ಉಂಡು ಇಲ್ಲಿ ಹಡೀತೈತಿ."

ನೆಂಟರು, ಆಳುಮಕ್ಕಳು ಎಲ್ಲರೂ ನಕ್ಕರು. ಶಾಂತಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಅಪ್ಪ ಬುಟ್ಟಿಯನ್ನು ಅಲ್ಲಿಯೇ ಬೋರಲು ಹಾಕಿ ತಿರುಗಿ ಬಂದ. ಆ ದಿನ ನಮ್ಮ ಗಾಡಿಯ ಊಟ ಗಾಡಿಯಲ್ಲೇ ಮನೆಗೆ ವಾಪಸು ಬಂತು. ಅಂದಿನಿಂದ ಅಣ್ಣ ತಮ್ಮಂದಿರ ಮಾತು ನಿಂತಿತು. ಎರಡು ಮನೆಗಳ ನಡುವೆ ಒಂದು ಗೋಡೆ ಅಷ್ಟೇ ಇತ್ತು. ಅವರ ಮನೆಯ ಒಗ್ಗರಣೆ ನಮ್ಮಲ್ಲಿ ಸೀನು ತರಿಸುತ್ತಿತ್ತು. ಆದರೂ ಹಬ್ಬಕ್ಕೆ ಹೋಳಿಗೆ ಕೊಡುವುದು ನಿಂತಿತು. ಅಪ್ಪ ಒಬ್ಬನೇ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಮೊದಲು ಇಬ್ಬರದೂ ಒಂದೇ ಸಂಚಿ ಇತ್ತು. ಈಗ ಅಪ್ಪನ ಸಂಚಿಯಲ್ಲಿ ಸುಣ್ಣ ಇರುತ್ತಿತ್ತು, ತಂಬಾಕು ಇರುತ್ತಿರಲಿಲ್ಲ. ತಂಬಾಕಿನ ಬಾಬತ್ತು ಯಾವಾಗಲೂ ದೊಡ್ಡಪ್ಪನದು.

ನಾನು ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದ ವರ್ಷ ಉತ್ತರಿ ಮಳೆ ಹಿಡಿಯಿತು. ಮಳೆ ಬಿಟ್ಟ ಮುಂಜಾನೆ ಅಪ್ಪನ ಜೊತೆ ಹೊಲಕ್ಕೆ ಹೋದೆ. ಈ ಸಲ ಎಷ್ಟು ಹೋಗಿದೆ ನೋಡೋಣ ಎಂದು ಅಪ್ಪ ಪ್ರತಿ ಮಳೆಗೂ ಹೋಗುವ ರೂಢಿ. ಮೇಲಿನ ಹೊಲದಲ್ಲಿ ಎಂದಿನ ಹಾಗೆ ಕಾಲುವೆಗಳು ಬಿದ್ದಿದ್ದವು. ನಡುಗಲ್ಲಿನ ತನಕ ಬಂದೆವು. ಕಲ್ಲಿನ ಆಚೆ ಸ್ವಲ್ಪ ದೂರ ಹೋದರೆ ಮುಂದೆ ಹೊಲವೇ ಇರಲಿಲ್ಲ.

ಹಳ್ಳ ತನ್ನ ಹಳೆಯ ದಾರಿ ಬಿಟ್ಟಿತ್ತು. ಮೊದಲು ಅದು ಹೊರಳುತ್ತಿದ್ದದ್ದು ಆಚೆಯ ದಂಡೆಗೆ. ಅಲ್ಲಿ ಕೊರೆದು ಇಲ್ಲಿ ಇಡುತ್ತಿತ್ತು. ಈ ಸಲ ಮೇಲೆ ಎಲ್ಲಿಯೋ ಒಂದು ದಂಡೆ ಕುಸಿದು, ನೀರು ಈಚೆಗೆ ಹೊರಳಿ, ದೊಡ್ಡಪ್ಪನ ಹೊಲವನ್ನು ಬುಡದಲ್ಲಿ ಕೊರೆದಿತ್ತು. ಬುಡ ಹೋದ ಎರೆ ನಿಂತ ನಿಲುವಿನಲ್ಲೇ ಹೋಳು ಹೋಳಾಗಿ ಬೀಳುತ್ತಿತ್ತು. ನಾವು ನೋಡನೋಡುತ್ತಿದ್ದ ಹಾಗೆ ಬನ್ನಿಗಿಡ ಬಾಗಿತು, ಧಡಲ್ ಎಂದು ನೀರಿಗೆ ಬಿತ್ತು. ಇಷ್ಟು ವರ್ಷ ಹಳ್ಳ ಚಿಟಿಕೆ ಚಿಟಿಕೆಯಾಗಿ ತಂದು ಕೊಟ್ಟದ್ದನ್ನು ಒಂದೇ ರಾತ್ರಿಯಲ್ಲಿ ಬಾಚಿಕೊಂಡು ಕೃಷ್ಣೆಯ ಕಡೆ ನಡೆದಿತ್ತು.

ಖರೆ ಹೇಳುತ್ತೇನೆ, ನನಗೆ ಮೊದಲು ಸಂತೋಷವೇ ಆಯಿತು. ಇನ್ನು ಶಾಂತಾನ ಜಡೆ ಏನಾಗುತ್ತದೋ ನೋಡೋಣ ಎಂದುಕೊಂಡೆ. ಅಪ್ಪನ ಮುಖ ನೋಡಿದೆ, ಅಲ್ಲಿಯೂ ಸಂತೋಷ ಕಾಣಬಹುದೆಂದು. ಅಪ್ಪ ಒದ್ದೆ ನೆಲದಲ್ಲಿ ಕೂತುಬಿಟ್ಟಿದ್ದ. "ಹೋತಲ್ಲೋ, ಎಲ್ಲಾ ಹೋತು" ಎನ್ನುತ್ತಿದ್ದ. ಯಾರದು ಹೋಯಿತು ಎಂದು ಕೇಳುವ ಹಾಗಿರಲಿಲ್ಲ. ಆ ಮಣ್ಣು ಕೆಳಗಿನ ಹೊಲದಲ್ಲಿ ಇರುವ ತನಕ ಅಪ್ಪ ಅದನ್ನು ದಿನಾ ನೋಡಬಹುದಿತ್ತು, ನಂದು ಎನ್ನಬಹುದಿತ್ತು, ಉರಿದುಕೊಳ್ಳಬಹುದಿತ್ತು. ಈಗ ಉರಿದುಕೊಳ್ಳಲಿಕ್ಕೂ ಏನೂ ಉಳಿಯಲಿಲ್ಲ.

ಅವತ್ತು ಅಪ್ಪ ಉಣ್ಣಲಿಲ್ಲ. ಇಳಿಹೊತ್ತಿಗೆ ಬಾಗಿಲಲ್ಲಿ ಕೆಮ್ಮಿದ ಸಪ್ಪಳವಾಯಿತು. ದೊಡ್ಡಪ್ಪ ನಿಂತಿದ್ದ. ಮೊಣಕಾಲ ತನಕ ಕೆಸರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಅಂದ:

"ತಮ್ಮಾ, ನಿನ್ನ ಮಣ್ಣು ನನ್ನ ಕೈಯಾಗ ಉಳೀಲಿಲ್ಲೋ."

ಹೊಲ ಕಳೆದುಕೊಂಡವನು ತಾನು. ಸಮಾಧಾನ ಹೇಳಲು ಬಂದವನೂ ತಾನೇ! ಅಪ್ಪ ಎದ್ದು ಬಾಗಿಲಿಗೆ ಬಂದ. "ನನ್ನ ಕೈಯಾಗರ ಎಲ್ಲಿ ಉಳೀತು ಅಣ್ಣಾ. ಒಳಗ ಬಾ" ಎಂದ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, ಸಂಚಿ ಬಿಚ್ಚಿ, ಮೊದಲು ತಂಬಾಕು ತೆಗೆದು ಅಪ್ಪನ ಅಂಗೈಗೆ ಹಾಕಿದ. ಅವ್ವ ಚಹಾಕ್ಕೆ ಇಟ್ಟಳು. ಗೋಡೆಯ ಆಚೆಯಿಂದ ದೊಡ್ಡವ್ವ, "ನನಗೂ ಒಂದು ಕಪ್ಪು ಇಡ ತಂಗೀ, ಬರಾಕತ್ತೇನಿ" ಎಂದು ಕೂಗಿದಳು. ಅವರ ಮಾತು ನಿಂತಾಗಿನಿಂದ ಅವ್ವ ಅಷ್ಟು ಸಕ್ಕರೆ ಹಾಕಿ ಚಹಾ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಮರುವರ್ಷ ನನ್ನ ಮದುವೆಯಾಯಿತು. ಶಾಂತಾನನ್ನು ಸಿಂದಗಿ ತಾಲೂಕಿನ ಕನ್ನೊಳ್ಳಿಗೆ ಕೊಟ್ಟರು, ನನ್ನನ್ನು ಮುದ್ದೇಬಿಹಾಳ ತಾಲೂಕಿನ ಒಂದು ಹೊಳೆದಂಡೆಯ ಊರಿಗೆ. ಕನ್ನೊಳ್ಳಿಯ ಎರೆ ಆಳವಾದದ್ದು, ಅಲ್ಲಿಯ ಜೋಳ ಆಳುದ್ದ ಬರುತ್ತದೆ ಎಂದು ಕೇಳಿ ನನಗೆ ಮದುವೆಯ ಹಂದರದಲ್ಲೇ ಕಸಿವಿಸಿಯಾಯಿತು. ನನ್ನ ಗಂಡನ ಊರಲ್ಲಿ ಏನಿದೆಯೋ ಎಂದು ಅಪ್ಪನನ್ನು ಕೇಳಿದ್ದಕ್ಕೆ, "ಹೊಳಿ ಐತಿ" ಎಂದಷ್ಟೇ ಹೇಳಿದ್ದ. ಹೊಳೆ ಹಳ್ಳಗಳ ಮೇಲೆ ಆತನಿಗೆ ಎಂಥ ಪ್ರೀತಿ ಎಂಬುದು ನನಗೆ ಗೊತ್ತಿತ್ತು.

ಮದುವೆಯ ನಂತರದ ಮೊದಲ ಎಳ್ಳಮಾಸೆಗೆ ಅಪ್ಪ ಬುತ್ತಿ ಕಟ್ಟಿಕೊಂಡು ಬಂದ. ನಮ್ಮ ಮಾವ ಬೀಗರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊಳೆಯ ಮಗ್ಗುಲಿನ ಹೊಲಕ್ಕೆ ಕರೆದುಕೊಂಡು ಹೋದರು. ಕೃಷ್ಣೆ ಮಳೆಗಾಲದಲ್ಲಿ ಏರಿ ಇಳಿದು ಹೋದ ನೆಲ. ಜೋಳ ಎದೆಮಟ್ಟ ನಿಂತಿತ್ತು. ಮಾವ ಹೆಮ್ಮೆಯಿಂದ, "ನಾವು ಗೊಬ್ಬರಾ ಹಾಕೂದ ಇಲ್ರಿ ಬೀಗರ. ವರ್ಷಾ ಹೊಳಿ ತಾನ ಹೊಸಾ ಮಣ್ಣು ತಂದು ಹಾಕಿ ಹೋಗತೈತಿ. ಪುಕ್ಕಟ!" ಎಂದರು.

ಅಪ್ಪ ಬಾಗಿ ಒಂದು ಹೆಂಟೆ ಎತ್ತಿಕೊಂಡ. ಒಡೆದ. ಮೂಸಿದ. ಎರಡು ಬೆರಳಿನಲ್ಲಿ ಉಜ್ಜಿದ. ಆಮೇಲೆ ತಲೆಯೆತ್ತಿ ಹೊಲದ ಆ ತುದಿಯಿಂದ ಈ ತುದಿಗೆ ನೋಡಿದ. ಆ ಕಣ್ಣು ನನಗೆ ಚಿಕ್ಕಂದಿನಿಂದ ಪರಿಚಯ. ದೊಡ್ಡಪ್ಪನ ಹೊಲ ನೋಡುವಾಗಿನ ಕಣ್ಣು ಅದು. ಅಪ್ಪ ನನ್ನ ಮೇಲೆ ಹೊಟ್ಟೆಕಿಚ್ಚುಪಡುತ್ತಿದ್ದ! ಹುಟ್ಟಿದಾಗಿನಿಂದ ಮಂದಿಯ ಮೇಲೆ ಉರಿದುಕೊಂಡು ಬಂದ ನನಗೆ, ನನ್ನನ್ನು ನೋಡಿ ಒಬ್ಬರು ಉರಿದುಕೊಂಡದ್ದು ಅದೇ ಮೊದಲು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಸ್ವಲ್ಪ ನೆಟ್ಟಗೆ ನಿಂತೆ.

ಮಾವ ಮರ್ಯಾದೆಗೆಂದು, "ಇವತ್ತ ಚರಗಾ ನೀವ ಚೆಲ್ರಿ ಬೀಗರ" ಎಂದು ಬುಟ್ಟಿ ಕೊಟ್ಟರು. ಅಪ್ಪ ನನ್ನ ಮುಖ ನೋಡಿದ. ನಾನು ತಂಬಿಗೆ ತೆಗೆದುಕೊಂಡೆ. ನಾಲ್ಕೂ ಬದು ಸುತ್ತಿ ಬರುವ ತನಕ ಅಪ್ಪನ ಕೂಗು ಹೊಳೆಯ ಆಚೆ ದಂಡೆಗೆ ಕೇಳುವಷ್ಟು ಜೋರಾಗಿತ್ತು.

ಮರುದಿನ ಹೊರಡುವಾಗ ಅಪ್ಪ ಒಂದು ಗೋಣಿಚೀಲ ಕೇಳಿದ. ಜೋಳ ಕೊಡಬೇಕೇನೋ ಎಂದು ಅತ್ತೆ ಕಣಜದ ಕಡೆ ಹೊರಟರು. "ಜೋಳಾ ಬ್ಯಾಡ್ರಿ" ಎಂದು ಅಪ್ಪ ಹೊಲಕ್ಕೆ ಹೋಗಿ ಚೀಲದ ತುಂಬ ಮಣ್ಣು ತುಂಬಿಕೊಂಡು ಬಂದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಾವನಿಗೆ ಏನೂ ತಿಳಿಯಲಿಲ್ಲ. ಎತ್ತಿ ಕೊಟ್ಟರು.

ಬಸ್ಸಿನ ದಾರಿ ಕಾಯುತ್ತ ನಿಂತಾಗ ನಾನು ಅಂದೆ: "ಒಂದು ಚೀಲ ಹಾಕಿದ್ರ ಏನಾಗತೈತಪ್ಪಾ? ಮುಂದಿನ ಮಳಿಗೆ ಹಳ್ಳ ಮತ್ತ ಇಲ್ಲೇ ತರತೈತಿ."

"ತರಲಿ" ಎಂದ ಅಪ್ಪ. ಚೀಲದ ಬಾಯಿಗೆ ಕಟ್ಟಿದ ಹುರಿಯನ್ನು ಇನ್ನೊಮ್ಮೆ ಬಿಗಿದ. "ಅಷ್ಟು ವರ್ಷ ಅದನ್ನ ಕಳ್ಳ ಅಂತ ಬೈದೆ. ನಿನ್ನ ಉಡಿ ನಾ ತುಂಬೂಕ್ಕಿಂತ ಮೊದಲ ಅದು ತುಂಬಿ ಇಟ್ಟಿತ್ತವ್ವಾ."

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು ಮಣ್ಣಿನ ಚೀಲ ನೋಡಿ ಗೊಣಗಿದ, ಅಪ್ಪ ಅವನಿಗೆ ಶೇಂಗಾ ಹೋಳಿಗೆ ಕೊಟ್ಟು ಒಪ್ಪಿಸಿದ. ಚೀಲ ಟಪ್ಪಿನ ಮೇಲೆ ಏರಿತು. ನಾನು ಅಳಬಾರದೆಂದು ಹಲ್ಲು ಕಚ್ಚಿ ನಿಂತಿದ್ದೆ. ಹೊಸ ಸೊಸೆ, ನಾಗರಪಂಚಮಿ ಬರುವ ತನಕ ನನ್ನನ್ನು ಕಳಿಸುವವರಿರಲಿಲ್ಲ. ಬಸ್ಸು ಧೂಳೆಬ್ಬಿಸುತ್ತ ಹೊರಟಿತು. ಅದರ ನೆತ್ತಿಯ ಮೇಲೆ ಆ ಚೀಲ ಕಾಲು ಚಾಚಿದ ಹಾಗೆ ಮಲಗಿತ್ತು. ಶಾಂತಾನ ಜಡೆಗಾಗಲಿ, ಗೆಜ್ಜೆಗಾಗಲಿ, ಈಗಿನ ಕೆಳಗಿನ ಮನೆಯ ಮಲ್ಲಿಗೆಗಾಗಲಿ ನಾನು ಅಷ್ಟು ಉರಿದುಕೊಂಡಿಲ್ಲ. ನಾನು ದಾರಿಯಲ್ಲಿ ನಿಂತಿದ್ದೆ. ಮಣ್ಣು ತವರಿಗೆ ಹೊರಟಿತ್ತು.